ಟ್ರಿವಿಯಲ್ ಎಂದವನ ಭಾಷಣ

ಜೂನ್ 9, ಸೋಮವಾರ

ಮೊದಲ ಪೀರಿಯಡ್. ಹಿಂದೆ ಯುರೋಪಿನಲ್ಲಿ ಕಲಿಸುತ್ತಿದ್ದ ಏಳು ಕಲೆಗಳಲ್ಲಿ ಕೊನೆಯದು, ಖಗೋಳ. ಆಸ್ಟರ್ ಎಂದರೆ ನಕ್ಷತ್ರ. ನಕ್ಷತ್ರ ಕೆಟ್ಟರೆ ಡಿಸಾಸ್ಟರ್. ನಮ್ಮ ಗ್ರಹಚಾರ ಇದ್ದ ಹಾಗೆ ಎಂದೆ. ಮಕ್ಕಳು ಥಟ್ಟನೆ ಹಿಡಿದುಕೊಂಡರು. ಹಿಂದಿನ ಬೆಂಚಿನ ವಾಚಾಳಿ ಮಾತ್ರ ಇನ್ನೂ ಹಳೆಯ ಪಾಠದಲ್ಲೇ — ಓದು ಬಲ್ಲವರಿಗೆ ಮಾಟವೂ ಗೊತ್ತೆಂದು ಜನ ನಂಬಿದ್ದ ಕಾಲದಲ್ಲಿ, ಗ್ರಾಮರ್ ಎಂಬುದೇ ಬಾಯಿಂದ ಬಾಯಿಗೆ ಸವೆದು ಗ್ಲಾಮರ್ ಆಯಿತು ಎಂದಿದ್ದೆ.

"ಹಾಗಾದ್ರೆ ಗ್ರಾಮರ್ ಓದಿದೋರಿಗೆಲ್ಲ ಗ್ಲಾಮರ್ ಬರುತ್ತಾ ಮೇಡಂ?"

"ನನ್ನ ನೋಡಿ ನೀನೇ ಹೇಳಮ್ಮ."

ಮಧ್ಯಾಹ್ನ ಪ್ರಿನ್ಸಿಪಾಲರ ಕರೆ. ನಾವು ಇಟ್ಟ ಹೆಸರು ಕಂಚಿನ ಕಂಠ. ತಲೆ ಎತ್ತಲಿಲ್ಲ.

"ಏಳು ಕಲೆಯಂತೆ, ಬೆರಳೆಣಿಕೆ ಮಕ್ಕಳಂತೆ. ಟ್ರಿವಿಯಲ್, ಮೇಡಂ, ತೀರಾ ಕ್ಷುಲ್ಲಕ. ನಿಲ್ಲಿಸಿಬಿಡಿ." ಅದೇ ಉಸಿರಿನಲ್ಲಿ, "ಹಾಂ, ವಾರ್ಷಿಕೋತ್ಸವದ ಭಾಷಣ ಬರೆದುಕೊಡಿ. ಯಾವತ್ತಿನ ಹಾಗೆ."

ಯಾವತ್ತಿನ ಹಾಗೆ! ಅವರ ಪ್ರತಿ ಭಾಷಣವೂ ನನ್ನದೇ. ಗಂಟಲು ಅವರದು, ಮಾತು ನನ್ನದು. ಒಮ್ಮೆಯೂ ಮೊದಲೇ ಓದಿಕೊಂಡವರಲ್ಲ.

ಜೂನ್ 14

ಅಕ್ಕನ ಮನೆ. ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು.

"ಬಿಟ್ಟಾಕು ಅಂತೀಯಾ?" ಎಂದೆ.

"ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತ ಕೂತ್ರೆ, ಹಾವು ನಿನ್ನ ಹಾಸಿಗೇಲೇ ಮೊಟ್ಟೆ ಇಡುತ್ತೆ ಕಣೇ."

ಅಕ್ಕ ಎಂದರೆ ಹೀಗಿರಬೇಕು.

ಜೂನ್ 22

ಬರೆದೆ. ಇಷ್ಟು ಖುಷಿಯಾಗಿ ಯಾವತ್ತೂ ಬರೆದಿಲ್ಲ. ಕನ್ನಡದ ವರವೇ ಅದು — ವಾಕ್ಯ ಎಷ್ಟು ಉದ್ದ ಎಳೆದರೂ ಗುಟ್ಟು ಕೊನೆಯ ಪದದವರೆಗೂ ಬಾಯಿಬಿಡುವುದಿಲ್ಲ.

"ಏಳು ಕಲೆಗಳಲ್ಲಿ ಮೊದಲನೆಯವಾದ ಗ್ರಾಮರ್, ಲಾಜಿಕ್, ರೆಟರಿಕ್ ಎಂಬ ಮೂರು ದಾರಿಗಳು ಸೇರುವ ಜಾಗವೇ ಟ್ರಿವಿಯಂ ಎಂಬುದನ್ನೂ ಅರಿಯದೆ, ಅದರಿಂದಲೇ ಹುಟ್ಟಿದ 'ಟ್ರಿವಿಯಲ್' ಎಂಬ ಮಾತಿನಿಂದಲೇ ಅದನ್ನು ಹೀಗಳೆದು, ಇದೇ ಕಾಲೇಜಿನಲ್ಲಿ ಆ ತರಗತಿಯ ಬಾಗಿಲು ಮುಚ್ಚಿಸಿದ ಅವಿವೇಕಿ ಬೇರಾರೂ ಅಲ್ಲ, ನಾನೇ."

ಜೂನ್ 28, ಸಂಜೆ

ಓದಿದರು. ವಾರ್ಷಿಕೋತ್ಸವದ ವೇದಿಕೆಯಲ್ಲಿ, ಪೂರ್ತಿ. "ಅವಿವೇಕಿ" ಎಂಬಲ್ಲಿ ಕಂಚು ಮೊಳಗಿತು. "ಬೇರಾರೂ ಅಲ್ಲ..." ಕಣ್ಣು ಮುಂದಿನ ಪದಕ್ಕೆ ಹೋಯಿತು. ಬಾಯಿ ನಿಂತಿತು. ಮೂರನೇ ಸಾಲಿನಲ್ಲಿದ್ದ ನನ್ನನ್ನೇ ನೋಡಿದರು. ನಾನೂ ನೋಡಿದೆ. ಬೀಳು, ಈಗ ಬೀಳು...

ಎದೆಯ ಮೇಲೆ ಕೈಯಿಟ್ಟುಕೊಂಡರು. ಮೆಲ್ಲಗೆ, "ನಾನೇ" ಎಂದರು.

ಸಭೆಗೆ ಸಭೆಯೇ ಎದ್ದು ನಿಂತಿತು. ಎಂಥ ವಿನಯ, ಎಂಥ ದೊಡ್ಡತನ! ಅಧ್ಯಕ್ಷರು ಅಪ್ಪಿಕೊಂಡರು. ಚಪ್ಪಾಳೆ ನಿಲ್ಲುವ ಮುನ್ನವೇ, ನಾನು ಬರೆಯದ ಒಂದು ಮಾತು: "ಸೋಮವಾರದಿಂದ ಆ ತರಗತಿಯನ್ನು ನಾನೇ ತೆಗೆದುಕೊಳ್ಳುತ್ತೇನೆ."

ಮೆಟ್ಟಿಲ ಹತ್ತಿರ ಸಿಕ್ಕರು. "ಅವಿವೇಕಿ ಅನ್ನೋ ಪದ ಚೆನ್ನಾಗಿತ್ತು ಮೇಡಂ."

ಹಲ್ಲು ಕಚ್ಚಿ ಮನೆಗೆ ಬಂದೆ. ಹಳ್ಳ ತೋಡಿದವಳು ನಾನು. ಅವರು ಅದರಲ್ಲಿ ಈಜಿ ಮೇಲೆ ಬಂದರು.

ಜೂನ್ 29

ಭಾನುವಾರ. ಅವರದೇ ಫೋನ್.

"ನಾಳೆಗೆ ಪಾಠ ಬರೆದು ಕಳಿಸಿಬಿಡಿ."

"ಇಲ್ಲ ಸರ್."

"ಯಾಕೆ, ಹುಷಾರಿಲ್ವಾ?"

"ಹುಷಾರಾಗಿದ್ದೀನಿ ಸರ್. ಈಗಷ್ಟೇ."

ಇಟ್ಟೆ. ಬಿಸಿಬಿಸಿ ಅನ್ನಿಸಿತು ಮೈಯೆಲ್ಲ.

ಜುಲೈ 1

ನಿನ್ನೆ ಬರೆಯಲಾಗಲಿಲ್ಲ. ಬರೆಯುವುದಕ್ಕಿಂತ ಮನಸ್ಸಿನಲ್ಲೇ ಮತ್ತೆ ಮತ್ತೆ ಸವಿಯುವುದು ಹಿತವಾಗಿತ್ತು.

ನಿನ್ನೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇದ್ದೆ. ಪಕ್ಕದ ಗೋಡೆಯಾಚೆಯೇ ಕ್ಲಾಸು. ಕಂಚು ಮೊಳಗಿತು: ಶಿಸ್ತು, ಸಂಸ್ಕೃತಿ, ದೇಶದ ಭವಿಷ್ಯ. ವಾಚಾಳಿಯ ದನಿ: "ಸರ್, ಮ್ಯೂಸಿಕ್, ಮ್ಯೂಸಿಯಂ ಎರಡೂ ಅಕ್ಕ-ತಂಗಿ ಅಂತಾರೆ, ಹೇಗೆ ಸರ್?"

ಗೋಡೆಯಾಚೆ ಕೆಮ್ಮು. "ಅದೆಲ್ಲ... ಮುಂದೆ ನೋಡೋಣ."

ಬೆಂಚುಗಳು ಸರಿದ ಸದ್ದು. ಒಬ್ಬೊಬ್ಬರೇ ನನ್ನ ಬಾಗಿಲಿಗೆ ಬಂದರು. "ಇಲ್ಲೇ ಹೇಳಿ ಮೇಡಂ." ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಗ್ರೀಕರ ಕಲೆಗಳ ದೇವಿಯರು ಮ್ಯೂಸ್‌ಗಳು, ಎಂದು ಶುರುಮಾಡಿದೆ. ಅವರು ಹಾಡಿದ್ದು ಮ್ಯೂಸಿಕ್, ಅವರ ಗುಡಿಯೇ ಮ್ಯೂಸಿಯಂ...

ಬಾಗಿಲಲ್ಲಿ ನೆರಳು. ಕೈಯಲ್ಲಿ ಇನ್ನೂ ಚಾಕ್‌ಪೀಸು. ಕಂಠದಲ್ಲಿ ಕಂಚಿಲ್ಲ.

"ನಾನೂ ಕೂತ್ಕೊಂಡು ಕೇಳ್ಬಹುದಾ?"

ಕುರ್ಚಿ ಇಲ್ಲ ಸರ್, ಎಂದೆ.

ಇತ್ತು. ನನ್ನ ಪಕ್ಕದಲ್ಲೇ, ಖಾಲಿ. ಮಕ್ಕಳೆಲ್ಲ ಅದನ್ನೇ ನೋಡುತ್ತಿದ್ದರು. ವಾಚಾಳಿ ಏಳಲು ಹೋದಳು, ಕಣ್ಣಲ್ಲೇ ಕೂರಿಸಿದೆ. ಅವರು ನಿಂತೇ ಕೇಳಿದರು, ಗಂಟೆ ಹೊಡೆಯುವವರೆಗೂ. ಒಮ್ಮೆ ತಲೆಯಾಡಿಸಿದರು ಕೂಡ, ಅರ್ಥವಾದವರ ಹಾಗೆ. ಅದೊಂದು ಆಡಿಸದೇ ಇದ್ದಿದ್ದರೆ ನನಗೆ ಈ ಗೆಲುವು ಪೂರ್ತಿ ಸಿಹಿಯಾಗಿರುತ್ತಿತ್ತು.