ಬೀರಿನಲ್ಲಿ ಬೆಣ್ಣೆಯ ವಾಸನೆ

ಮಾವ,

ಈ ನೆಲ್ಸನ್ ಊರಿಗೆ ಮತ್ತೆ ಚಳಿಗಾಲ ಬಂದಿದೆ. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ನಿಮ್ಮ ಮಗ ವೀರೇಶ್ ಬಿಸಿನೀರು ಸುರಿದು, ಎಂದಿನಂತೆ ಗೊಣಗಿಕೊಂಡು ಬಂದರಿನ ಆಫೀಸಿಗೆ ಹೋದರು. ನಾನು ರಜೆ ಹಾಕಿ ಗ್ಯಾರೇಜಿನಲ್ಲಿ ಕುಳಿತಿದ್ದೇನೆ. ನಿಮಗೆ ಹೇಳಬೇಕಾದ ಸುದ್ದಿ ಒಂದಿದೆ. ಆದರೆ ನೇರವಾಗಿ ಹೇಳಿದರೆ ನೀವು ಒಪ್ಪುವವರಲ್ಲ, ಮೊದಲಿನಿಂದ ಹೇಳು ಅನ್ನುವವರು.

ನೀವು ಬಂದದ್ದು 2013ರಲ್ಲಿ, ಅತ್ತೆ ಹೋದ ಮೇಲೆ, ವಿಜಯಪುರದ ಚಹಾಪುಡಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ. ನಾನೋ ಮೈಸೂರಿನವಳು, ಈ ದೇಶಕ್ಕೆ ಓದಲು ಬಂದು ಹಣ್ಣಿನ ರಸದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಹಿಡಿದವಳು. ನಿಮಗೆ ಗೊತ್ತಾಗಬಾರದೆಂದು ಗ್ಯಾರೇಜಿನ ಹಳೆಯ ಫ್ರಿಜ್ಜಿಗೆ ಟಾರ್ಪಾಲು ಹೊದಿಸಿಟ್ಟಿದ್ದೆ. ಒಳಗೆ ಬಕೆಟ್ಟಿನಲ್ಲಿ ತಂಪಿನಲ್ಲೇ ಮಾಡುವ ನನ್ನ ಲಾಗರ್ ಬೀರು ಹುದುಗು ಬರುತ್ತಿತ್ತು. ನೀವು ಬಂದ ವಾರವೇ ಅದರ ಮುಂದೆ ನಿಂತು ಕಿವಿಗೊಟ್ಟಿರಿ. ಮುಚ್ಚಳದ ನಳಿಕೆಯಲ್ಲಿ ಗುಳುಕ್, ಗುಳುಕ್. ಕೆಲಸಕ್ಕೆ ಬೇಕಾದ ಜೂಸು ಮಾವ ಎಂದೆ.

"ಜೂಸು ಹಿಂಗ ಉಸುರಾಡಂಗಿಲ್ಲವ್ವಾ," ಅಂದಿರಿ.

ನಾನು ನೆಲ ನೋಡುತ್ತ ನಿಜ ಹೇಳಿದೆ. ನೀವು ಬೈಯುತ್ತೀರಿ ಅಂದುಕೊಂಡರೆ, ಅಡಿಗೆಮನೆಯಿಂದ ಒಂದು ಕುರ್ಚಿ ತಂದು ಹಾಕಿಕೊಂಡಿರಿ. "ನಾ ಕುಡಿಯಂಗಿಲ್ಲ. ಮೂಸಿ ನೋಡಾಕ ಏನೂ ಹರಕತ್ತಿಲ್ಲಲ್ಲ?"

ಹಗಲಿಡೀ ಒಬ್ಬರೇ ಇರುವ ಮನೆಯಲ್ಲಿ ಮಾತಿಗೆ ಯಾರಿದ್ದರು ನಿಮಗೆ? ಪಕ್ಕದ ಮನೆಯ ಕಾಲಿನ್ ಬೇಲಿಯಾಚೆಯಿಂದ ಕೈ ಬೀಸುತ್ತಿದ್ದ, ನೀವೂ ಬೀಸುತ್ತಿದ್ದಿರಿ, ಅಷ್ಟೇ. ಹಾಗಾಗಿ ಆ ಗುಳುಕ್ ಸದ್ದೇ ನಿಮಗೆ ಜೊತೆಯಾಯಿತೇನೋ. ಒಂದು ಮಧ್ಯಾಹ್ನ ಲ್ಯಾಬಿಗೆ ಫೋನ್ ಮಾಡಿದಿರಿ. ಏನಾಯಿತೋ ಎಂದು ಕಾರಿನ ಕೀ ಹುಡುಕತೊಡಗಿದೆ ನಾನು. "ನಿನ್ನ ಬೀರು ಮಾತಾಡೂದು ಬಿಟ್ಟೈತಿ," ಅಂದಿರಿ, ಯಾರಿಗೋ ಹುಷಾರಿಲ್ಲ ಎನ್ನುವ ದನಿಯಲ್ಲಿ.

ಸಂಜೆ ಬಂದು ಸಿಹಿ ಎಷ್ಟಿದೆಯೆಂದು ಅಳೆಯುವ ಗಾಜಿನ ಬುರುಡೆ ತೇಲಿಸಿ ನೋಡಿದೆ. ಇನ್ನೂ ಸಿಹಿ ಉಳಿದಿತ್ತು, ಹುದುಗು ಅರ್ಧದಲ್ಲೇ ನಿಂತಿತ್ತು. ಲಾಗರ್‌ಗೆ ತಂಪು ಬೇಕು ನಿಜ, ಆದರೆ ಆ ವಾರದ ಚಳಿಗೆ ಫ್ರಿಜ್ಜು ತೀರಾ ತಣ್ಣಗಾಗಿ ಯೀಸ್ಟ್ ತಳಕ್ಕಿಳಿದು ಮಲಗಿಬಿಟ್ಟಿತ್ತು. ಬೆಚ್ಚಗೆ ಮಾಡಬೇಕು, ಮೆಲ್ಲಗೆ ಅಲುಗಿಸಿ ಎಬ್ಬಿಸಬೇಕು ಎಂದು ವಿವರಿಸುತ್ತಿದ್ದೆ. ನೀವು ಅಷ್ಟರಲ್ಲಿ ಹೆಗಲ ಮೇಲಿನ ಶಾಲು ತೆಗೆದಿದ್ದಿರಿ. "ಥಂಡಿ ಹತ್ತೈತಿ ಅದಕ. ಮಂದಿಗೆ ಹತ್ತಿದಂಗ." ಬಕೆಟ್ಟನ್ನು ಹೊರಗೆ ತೆಗೆದು, ಶಾಲು ಸುತ್ತಿ, ಹೀಟರಿನ ಹತ್ತಿರ ಕೂರಿಸಿದೆವು. ಮಾರನೆಯ ಬೆಳಿಗ್ಗೆ ನೀವು ನನ್ನನ್ನು ಎಬ್ಬಿಸಿದ್ದೇ ಆ ಸದ್ದು ಕೇಳಿಸಲು. ನಿಮ್ಮ ಮುಖದ ಮೇಲೆ ನಗು ನಾನು ಮೊದಲು ಕಂಡದ್ದು ಅವತ್ತೇ.

ಬೆಣ್ಣೆಯ ಕಥೆ ಆಮೇಲಿನದು. ಆ ಬೀರು ಹುದುಗಿ ಮುಗಿಯಿತೆಂದು, ತಿಳಿಯಾಗಲು ವಾರಗಟ್ಟಲೆ ಶೀತಕ್ಕಿಡಲು ಹೊರಟಿದ್ದೆ. ನೀವು ಒಂದು ಲೋಟ ಕೇಳಿ ತೆಗೆದುಕೊಂಡು, ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ತಟ್ಟೆ ಮುಚ್ಚಿ, ಸ್ವಲ್ಪ ಹೊತ್ತಿಗೆ ತೆಗೆದು ಮೂಸಿದಿರಿ. ಅಂಗಡಿಯಲ್ಲಿ ಚಹಾದ ಎಲೆಗೆ ಹಾಗೆ ಮಾಡುತ್ತಿದ್ದಿರಂತೆ. "ಬೆಣ್ಣಿ ಕಾಸಾಕಿಟ್ಟು, ತುಪ್ಪ ಆಗೂದ್ರಾಗ ಇಳಿಸಿದಂಗೈತಿ," ಅಂದಿರಿ. ನಾನು ಮೂಸಿದೆ, ಹೌದು. ಅವಸರ ಮಾಡಿದ ಲಾಗರ್‌ಗೆ ಬರುವ ದೋಷ ಅದು. ಯೀಸ್ಟೇ ಹುಟ್ಟಿಸುವ ವಾಸನೆ, ಇನ್ನೆರಡು ದಿನ ಬೆಚ್ಚಗಿಟ್ಟರೆ ಯೀಸ್ಟೇ ತಿಂದು ಮುಗಿಸುತ್ತದೆ. ಮುಗಿಸಿತು ಕೂಡ. ಅಂದಿನಿಂದ ನೀವು ಮೂಸಿ ಹೂಂ ಅನ್ನದೆ ಯಾವ ಬಕೆಟ್ಟೂ ಶೀತಕ್ಕೆ ಹೋಗಲಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದಾಗ ನಾನು ಗಾಬರಿಯಾದರೆ, ಅದು ತಾನಾಗಿ ಹಾರಿಹೋಗುವತನಕ ಕಾಯುವ ತಾಳ್ಮೆಯೂ ನಿಮ್ಮದೇ ಆಗಿತ್ತು.

ಕಾಲಿನ್‌ನ ಮಗಳ ಮದುವೆ ಗೊತ್ತಾದ ವರ್ಷ ನೆನಪಿದೆಯಲ್ಲವೇ? ನಿಮ್ಮ ಲಾಗರೇ ಬೇಕು ಎಂದು ಅವನು ಬೇಲಿಯ ಬಳಿ ನಿಂತು ಕೇಳಿದ. ‘ನಿಮ್ಮ’ ಎಂದದ್ದು ನಿಮ್ಮನ್ನು ನೋಡಿಕೊಂಡೇ. ನನಗೆ ಆಗ ಕೆಟ್ಟ ನೆಗಡಿ, ಮೂಗು ಕಟ್ಟಿತ್ತು. ನೀವು ಲೋಟ ಮೂಸಿ ಚಂದ ಐತಿ ಅಂದಿರಿ, ನಾನು ಶೀತಕ್ಕಿಟ್ಟೆ. ಕೆಲವು ವಾರ ಕಳೆದು ಕಾಲಿನ್ ರುಚಿ ನೋಡಲು ಬಂದ. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಸಿನಿಮಾ ಥಿಯೇಟರಿನ ಬೆಣ್ಣೆ ಪಾಪ್‌ಕಾರ್ನ್ ನೆನಪಾಯಿತು ಎಂದು ಮೆಲ್ಲಗೆ ಹೇಳಿದ. ನಾನೂ ಮೂಸಿದೆ. ಗ್ಯಾರೇಜು ತುಂಬ ಬೆಣ್ಣೆ. ನೀವು ಅಲ್ಲೇ ಕುರ್ಚಿಯಲ್ಲಿದ್ದಿರಿ, ಅವನ ಇಂಗ್ಲಿಷು ತಿಳಿಯದವರಂತೆ ಕೈ ನೋಡಿಕೊಳ್ಳುತ್ತಿದ್ದಿರಿ.

ನಾನು ನಿಮಗೇನೂ ಹೇಳಲಿಲ್ಲ. ಆದರೆ ಅದೇ ವಾರ ನಿಮ್ಮ ಬೆನ್ನ ಹಿಂದಿನ ಒಲೆಯ ಮೇಲೆ ಒಗ್ಗರಣೆ ಸೀದು ಹೊಗೆಯೆದ್ದಿತು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ನಿಮಗೆ ಗೊತ್ತೇ ಆಗಲಿಲ್ಲ. ಓಡಿಬಂದು ಒಲೆ ಆರಿಸಿದೆ. ನೀವು ನನ್ನ ಮುಖ ನೋಡಿದಿರಿ.

"ಆ ಬೀರು ಬೆಣ್ಣಿ ನಾರತಿತ್ತಲ್ಲ?"

"ಹೌದು ಮಾವ."

"ನಂಗ ಒಂದ್ ವರ್ಷ ಆತು, ಏನೂ ವಾಸನಿ ತಿಳಿಯಂಗಿಲ್ಲ. ಹೇಳಿದ್ರ, ನೀ ನನ್ನ ಗ್ಯಾರೇಜಿಗೆ ಯಾಕ ಕರೀತಿದ್ದಿ?"

ವರ್ಷವಿಡೀ ಏನೂ ಮೂಸದೆ ಹೂಂ ಅನ್ನುತ್ತ ಕೂತಿರಲ್ಲ ಮಾವ, ಎಷ್ಟು ಭಯವಿತ್ತು ನಿಮ್ಮೊಳಗೆ? ಒಂದು ಕುರ್ಚಿ ತಪ್ಪಿಹೋಗುವ ಭಯಕ್ಕೆ ಮನುಷ್ಯ...

"ಮೂಗಿಗೋಸ್ಕರ ಕರೀತಿದ್ದೆ ಅಂದ್ಕೊಂಡ್ರಾ?" ಎಂದೆ. ಸೀದ ಬಾಣಲೆಗೆ ನೀರು ಬಿಟ್ಟು ನಿಮ್ಮ ಪಕ್ಕ ಕೂತೆ.

ವಾಸನೆ ಹೋದದ್ದನ್ನು ತೋರಿಸಲು ಹೋದರೆ, ಡಾಕ್ಟರು ಕೈಯಲ್ಲಿ ಶುರುವಾಗಿದ್ದ ನಡುಕವನ್ನೂ ನೋಡಿ ಪಾರ್ಕಿನ್‌ಸನ್ಸ್, ನರಗಳ ಕಾಯಿಲೆ, ಅಂದರು. ಎಷ್ಟೋ ಜನರಲ್ಲಿ ವಾಸನೆ ಹೋಗುವುದೇ ಅದರ ಮೊದಲ ಗುರುತಂತೆ. ಮನೆಗೆ ಬಂದವರೇ ನೀವು ಕೇಳಿದ್ದು ಮದುವೆಯ ಬೀರಿನ ಗತಿ ಏನು ಅಂತ. ಹೊಸ ಯೀಸ್ಟನ್ನು ಜಾಡಿಯಲ್ಲಿ ನೊರೆಯೇಳುವಂತೆ ಬೆಳೆಸಿ ಬಕೆಟ್ಟಿಗೆ ಸುರಿದು, ಮತ್ತೆ ಬೆಚ್ಚಗೆ ಮಾಡಿದೆವು, ಹಸಿದ ಯೀಸ್ಟ್ ಉಳಿದ ಬೆಣ್ಣೆಯನ್ನು ತಿನ್ನಲಿ ಎಂದು. ಆಗಿನಿಂದ ಮೂಸುವವಳು ನಾನು, ಕೇಳುವವರು ನೀವು. ಹಸೀ ಬೆಣ್ಣೆಯೋ, ಕಾಸಿದ್ದೋ? ಮೂಗಿನ ತುದಿಗೋ, ಗಂಟಲಿಗೋ? ಮೊದಲು ಬರುತ್ತದೋ, ನುಂಗಿದ ಮೇಲೋ? ಬೆಣ್ಣೆ ಅಂದುಬಿಟ್ಟರೆ ಸಾಲದಾಗಿತ್ತು ನಿಮಗೆ. ನಿಮ್ಮ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹುಡುಕುತ್ತ ನನ್ನ ಮೂಗು ತೆರೆಯಿತು. ಮದುವೆಯಲ್ಲಿ ಒಂದು ಬಾಟಲಿಯೂ ಉಳಿಯಲಿಲ್ಲ. ಕಾಲಿನ್ ನಿಮ್ಮ ಕೈಹಿಡಿದು ಕುಣಿಸಿದ. ನೀವು ಮಾವಿನ ರಸ ಕುಡಿದು ಕುಣಿದಿರಿ.

ಹೋದ ವರ್ಷ ನ್ಯುಮೋನಿಯಾ ಆಗಿ ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದಾಗ ಫ್ರಿಜ್ಜಿನಲ್ಲೊಂದು ಬಕೆಟ್ಟು ಇತ್ತು. ನಾವು ಅದನ್ನು ಮರೆತೇಬಿಟ್ಟೆವು. ನಿಮ್ಮ ಕಾರ್ಯವೆಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದರೆ, ಸದ್ದಿಲ್ಲ. ಬೆಚ್ಚಗೆ ಮಾಡಿದೆ, ಅಲುಗಿಸಿದೆ, ನೊರೆಯೆದ್ದ ಹೊಸ ಯೀಸ್ಟ್ ಹಾಕಿದೆ. ಕಾದೆ. ಅದು ಎದ್ದೇಳಲಿಲ್ಲ ಮಾವ, ಹುಳಿಯಾಗತೊಡಗಿತು. ಒಂದು ಭಾನುವಾರ ವೀರೇಶ್ ತಾವಾಗಿ ಬಂದು ಬಕೆಟ್ಟಿನ ಇನ್ನೊಂದು ಬದಿ ಹಿಡಿದರು. ಹಿತ್ತಿಲ ನಿಂಬೆ ಗಿಡದ ಬುಡಕ್ಕೆ ಸುರಿದೆವು. ಖಾಲಿ ಬಕೆಟ್ಟು ಹಿಡಿದುಕೊಂಡೇ ನಿಮ್ಮ ಮಗ ಅತ್ತರು. ಆಸ್ಪತ್ರೆಯಲ್ಲೂ ಅಳದವರು. ಅಪ್ಪನ ಜೊತೆ ಒಂದು ದಿನವಾದರೂ ಇಲ್ಲಿ ಕೂರಬಹುದಿತ್ತು ಎಂದರು. ಅವರ ಬೆನ್ನ ಮೇಲೆ ಕೈಯಿಟ್ಟು ನಿಂತೆ.

ಈಗ ಸುದ್ದಿ. ಊರಾಚೆ, ಬೀರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ತೋಟಗಳ ಹಾದಿಯಲ್ಲಿ ಒಂದು ಸಣ್ಣ ಬ್ರೂವರಿ ಶುರುವಾಗಿದೆ. ಅಲ್ಲಿ ಪ್ರತಿ ತೊಟ್ಟಿಯ ವಾಸನೆ, ರುಚಿ ಪರೀಕ್ಷಿಸುವ ಕೆಲಸವಿತ್ತು. ಸಂದರ್ಶನಕ್ಕೆ ಕೂರಿಸಿದಾಕೆ ಎದುರಿಗೆ ಬೀರಿನ ಗ್ಲಾಸುಗಳನ್ನು ಸಾಲಾಗಿಟ್ಟಳು. ಕೊನೆಯದಕ್ಕೆ ನನಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ. ಗೋವಿನಜೋಳದ ತೆನೆ ಬೇಯಿಸಿ, ಆ ನೀರನ್ನು ಮುಚ್ಚಿಟ್ಟು, ಮಾರನೆಯ ದಿನ ಮುಚ್ಚಳ ತೆಗೆದ ಹಾಗೆ ಎಂದೆ. ಆಕೆ ಅದನ್ನು ಹಾಗೆಯೇ ಬರೆದುಕೊಂಡಳು. ಇಷ್ಟು ಬಿಡಿಸಿ ಹೇಳಲು ಯಾರು ಕಲಿಸಿದರು ಎಂದು ಕೇಳಿದಳು. ನಮ್ಮ ಮಾವ ಎಂದೆ. ಅವರೂ ಬೀರು ಮಾಡುವವರೇ ಎಂದು ಕೇಳಿದಳು. ಒಂದು ಹನಿಯೂ ಕುಡಿದವರಲ್ಲ ಎಂದೆ.

ಕೆಲಸ ಸಿಕ್ಕಿದೆ ಮಾವ. ಸೋಮವಾರದಿಂದ.

ನಿನ್ನೆ ಊಟಕ್ಕೆ ಕೂತಾಗ ವೀರೇಶ್ ಒಂದು ಮಾತು ಹೇಳಿದರು. ಅಂಗಡಿಗೆ ಹೊಸ ಚಹಾ ಬರುವ ದಿನ, ಮೂಗು ಕೆಡಬಾರದೆಂದು ನೀವು ಬೆಳಗಿನಿಂದ ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲವಂತೆ, ಮನೆಯಲ್ಲಿ ಯಾರೂ ಹೆಚ್ಚುವಂತೆಯೂ ಇರಲಿಲ್ಲವಂತೆ. ಅತ್ತೆ ಸಿಟ್ಟಾಗುತ್ತಿದ್ದರಂತೆ. ಹೇಳುತ್ತ ಹೇಳುತ್ತ ವೀರೇಶ್ ತಾವೇ ಎದ್ದು, ಉಳ್ಳಾಗಡ್ಡಿ ಬುಟ್ಟಿಯನ್ನು ಹಿತ್ತಿಲ ಬಾಗಿಲಾಚೆ ಇಟ್ಟು ಬಂದರು. ಸೋಮವಾರದ ನನ್ನ ಊಟದ ಡಬ್ಬಿಗೆ ಬರೀ ಮೊಸರನ್ನ.

ನಿಮ್ಮ,
ಸುಮಾ