ಅಲುಗಿದರೆ ಹತ್ತುವ ದೀಪ

ಮನೆ, ಒಂಬತ್ತನೆಯ ಮಹಡಿ
ಮಂಗಳವಾರ, ಸಂಜೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕಣ್ಣು ಹೇಗಿದೆ? ಆಪರೇಷನ್ ಮುಂದಿನ ವಾರ ಎಂದು ನೀನು ಬರೆದಿದ್ದೆ. ಏನೂ ಹೆದರಬೇಡ, ಈಗೆಲ್ಲ ಅದು ಉಗುರು ಕತ್ತರಿಸಿದಷ್ಟು ಸುಲಭವಂತೆ. ನಮ್ಮ ಎದುರು ಮನೆಯಾಕೆ ಹೇಳಿದಳು. ಅವಳಿಗೇನೂ ಆಪರೇಷನ್ ಆಗಿಲ್ಲ, ಆದರೂ ತಿಳಿದವಳು. ನನ್ನ ಉತ್ತರಕ್ಕೆ ನೀನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತೀಯ ಎಂದು ಗೊತ್ತು. ಸದ್ಯಕ್ಕೆ ಎಣ್ಣೆ ಬೇಡ, ಡಾಕ್ಟರು ಕೊಟ್ಟಿದ್ದನ್ನೇ ಬಿಟ್ಟುಕೋ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನೀನು ಅತ್ತರೆ ನಾನು ಹೂಂ ಅಂದುಬಿಡುತ್ತೇನೆ, ಆಮೇಲೆ ಅನುಭವಿಸುವವರು ಯಾರು? ಓದಲು ಕಷ್ಟವಾದರೆ ಪಕ್ಕದ ಮನೆಯವರಿಂದ ಜೋರಾಗಿ ಓದಿಸಿಕೋ. ಅದಕ್ಕೆಂದೇ ಅಕ್ಷರವನ್ನು ದುಂಡಗೆ ಬರೆಯುತ್ತಿದ್ದೇನೆ.

ಕಣ್ಣು ಮಾಯುವವರೆಗೆ ಇಲ್ಲಿಗೆ ಬಂದಿರಲೇ ಎಂದು ಕೇಳಿದ್ದೀಯ. ಕೈ ನಡುಗುತ್ತದೆ, ಒಬ್ಬಳೇ ಡ್ರಾಪ್ಸ್ ಹಾಕಿಕೊಳ್ಳಲು ಆಗುವುದಿಲ್ಲ, ಗಂಟೆಗೊಮ್ಮೆ ಹಾಕದಿದ್ದರೆ ಕಣ್ಣೇ ಹೋಗಬಹುದು ಎಂದು ಡಾಕ್ಟರು ಹೆದರಿಸಿದ್ದಾರೆ, ಎಲ್ಲ ಓದಿದೆ. ಒಡಹುಟ್ಟಿದವಳು ಬರುತ್ತೇನೆಂದರೆ ನನಗೆ ಬೇಡವೇ? ಆದರೆ ಈ ಮನೆಯಲ್ಲಿ ಮನುಷ್ಯರು ಬದುಕುವ ಹಾಗಿಲ್ಲ ಕಣೇ. ನೀನು ಬಂದುಹೋದ ಮೇಲೆ ಮಗರಾಯ ಎಲ್ಲವನ್ನೂ ಕಿತ್ತು ಹೊಸದು ಮಾಡಿಸಿದ್ದಾನೆ. ನಿನ್ನದು ಒಂದು ಕಣ್ಣಿನ ಕಷ್ಟ. ನನ್ನದು ಬೆಳಗಿನಿಂದ ರಾತ್ರಿಯವರೆಗೆ.

ಮೊದಲು ಈ ದೀಪದ ವಿಷಯ ಕೇಳು. ಸ್ವಿಚ್ಚೇ ಇಲ್ಲ. ಮನುಷ್ಯ ಅಲುಗಿದರೆ ಹತ್ತುತ್ತದೆ, ಸುಮ್ಮನೆ ಕೂತರೆ ಮನೆಯಲ್ಲಿ ಯಾರೂ ಇಲ್ಲ ಎಂದು ತಾನೇ ತೀರ್ಮಾನಿಸಿ ಆರಿಹೋಗುತ್ತದೆ. ಬಚ್ಚಲಲ್ಲಿ ಕೂತವಳು ನಡುನಡುವೆ ಎರಡೂ ಕೈ ಎತ್ತಿ ಬೀಸಬೇಕು, ಈ ವಯಸ್ಸಿಗೆ ಇದೊಂದು ಕುಣಿತ! ಈಗಲೂ ಬಲಗೈಯಲ್ಲಿ ಬರೆಯುತ್ತ, ಎಡಗೈಯನ್ನು ನೊಣ ಓಡಿಸುವವಳ ಹಾಗೆ ಆಡಿಸುತ್ತಿದ್ದೇನೆ. ನಿನಗೇನು, ಗೋಡೆಯ ಮೇಲೆ ಕಪ್ಪು ಸ್ವಿಚ್ಚು, ಒತ್ತಿದರೆ ಬೆಳಕು. ಕರೆಂಟು ಇದ್ದಾಗ ಅಂತಿಟ್ಟುಕೋ.

ಇನ್ನು ನನ್ನ ಹಾಸಿಗೆ. ಮಲಗಿದವರ ಮೈಯ ಆಕಾರವನ್ನು ಅದು ನೆನಪಿಟ್ಟುಕೊಳ್ಳುತ್ತದಂತೆ. ನಡುವೆ ನನ್ನದೇ ಅಚ್ಚಿನ ಒಂದು ಗುಳಿ ಬಿದ್ದಿದೆ. ಮಗ್ಗುಲು ಬದಲಿಸಿದರೆ ಗುಳಿಯಿಂದ ಮೇಲೆ ಹತ್ತಬೇಕು, ಬೆಳಗ್ಗೆ ಏಳುವಾಗ ಬಾವಿಯಿಂದ ಬಂದಂತಾಗುತ್ತದೆ. ನೀನು ನೆಲದ ಮೇಲೆ ಚಾಪೆ ಹಾಸಿ ಮಲಗುತ್ತೀಯ, ಬೆನ್ನು ನೆಟ್ಟಗಿದೆ, ಪುಣ್ಯವಂತೆ. ಫ್ರಿಜ್ಜಿನ ಬಾಗಿಲು ತೆರೆದು ಏನು ತಿನ್ನಲಿ ಎಂದು ಯೋಚಿಸುವಂತಿಲ್ಲ, ಕುಂಯ್ ಕುಂಯ್ ಎಂದು ಪ್ರಾಣ ತಿನ್ನುತ್ತದೆ. ಬಿಸಿನೀರು ಬರುವವರೆಗೆ ನಲ್ಲಿಯ ಮುಂದೆ ನಿಂತು ಕಾಲು ಜೋಮು ಹಿಡಿಯುತ್ತದೆ. ನಿನಗೆ ಆ ಕಾಯುವಿಕೆಯೇ ಇಲ್ಲ, ಬರುವುದೆಲ್ಲ ತಣ್ಣೀರೇ. ನೆಲ ಗುಡಿಸಲು ತಟ್ಟೆಯಂಥ ಒಂದು ಯಂತ್ರ ತಂದಿದ್ದಾರೆ. ತಾನೇ ಓಡಾಡಿ ಗುಡಿಸುತ್ತದೆ, ನನ್ನ ಕಾಲು ಕಂಡರೆ ಬಂದು ಗುದ್ದಿ, ಹಿಂದೆ ಸರಿದು, ಮತ್ತೆ ಗುದ್ದುತ್ತದೆ. ಎರಡು ಕಣ್ಣು ಸರಿಯಿರುವ ನನಗೇ ಈ ಗತಿ, ನೀನು ಬಂದರೆ ದಿನಕ್ಕೆ ನಾಲ್ಕು ಸಲ ಮುಗ್ಗರಿಸಿ ಬೀಳುತ್ತೀಯ. ಬಿದ್ದರೆ ಆ ಯಂತ್ರ ಹಾಳಾಗುತ್ತದೆ.

ಖಾಲಿ ಕೋಣೆ ಇದೆಯಲ್ಲ ಎನ್ನುತ್ತೀಯ. ಮಗನೂ ಅದನ್ನೇ ಅಂದ, "ಚಿಕ್ಕಮ್ಮ ಬರ್ಲಿ ಬಿಡಮ್ಮ, ಆ ರೂಮ್ ಸುಮ್ನೆ ಬಿದ್ದಿದೆ" ಅಂತ. ಗಂಡಸರಿಗೇನು ಗೊತ್ತಾಗುತ್ತದೆ? ಅಲ್ಲಿ ಸೊಸೆಯ ನಡೆಯುವ ಯಂತ್ರವಿದೆ. ಅವಳು ಅದರ ಮೇಲೆ ಒಂದು ದಿನವೂ ನಡೆದಿಲ್ಲ, ಬಟ್ಟೆ ಒಣಗಿಸುತ್ತಾಳೆ. ಹಾಗೆಂದು ಅದನ್ನು ಎಲ್ಲಿಗೆ ಕಳಿಸುವುದು ಹೇಳು? ನಮ್ಮನ್ನು ಬಿಟ್ಟರೆ ಅದಕ್ಕೆ ಯಾರಿದ್ದಾರೆ? ಅದಕ್ಕೇ, ಚಿಕ್ಕಮ್ಮ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದಾಳೆ ಎಂದು ಮಗನಿಗೆ ಹೇಳಿಬಿಟ್ಟಿದ್ದೇನೆ. ಆದ್ದರಿಂದ ದಯವಿಟ್ಟು ಬೇರೆ ವ್ಯವಸ್ಥೆ ಮಾಡಿಕೋ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ನೀನು ಬಲ್ಲೆ.

ನನ್ನ ಮಂಡಿ ಆಪರೇಷನ್ ಆದಾಗ ನೀನು ಮೂರು ತಿಂಗಳು ನನ್ನ ಕಾಲ ಬಳಿ ಮಲಗಿದ್ದೆ. ಇಲ್ಲ ಅನ್ನುವುದಿಲ್ಲ, ಉಪಕಾರ ಮರೆಯುವವಳು ನಾನಲ್ಲ. ಆದರೆ ಮನಸ್ಸಿನಲ್ಲಿಟ್ಟುಕೊಂಡು ಕೊರಗುವುದಕ್ಕಿಂತ ಹೇಳಿಬಿಡುವುದು ವಾಸಿ: ನೀನು ನನ್ನ ಜಡೆಯನ್ನು ತೀರಾ ಬಿಗಿಯಾಗಿ ಹೆಣೆಯುತ್ತಿದ್ದೆ. ಮಾತ್ರೆಗೆಂದು ನಿದ್ದೆಯಿಂದ ಎಬ್ಬಿಸುವಾಗ "ಅಕ್ಕಾ, ಅಕ್ಕಾ" ಎಂದು ಎರಡೆರಡು ಸಲ ಕೂಗುತ್ತಿದ್ದೆ. ಒಂದು ಸಲ ಸಾಕಿತ್ತು. ಅಷ್ಟೆಲ್ಲ ಸಹಿಸಿಕೊಂಡೆ, ಯಾರ ಹತ್ತಿರವಾದರೂ ಒಂದು ಮಾತು ಆಡಿದೆನೇ?

ಮಗ, ಸೊಸೆ ಪ್ರವಾಸಕ್ಕೆ ಹೋಗಿದ್ದಾರೆ, ಭಾನುವಾರ ಬರುತ್ತಾರೆ. ಅಲ್ಲಿಯವರೆಗೆ ಇಷ್ಟು ದೊಡ್ಡ ಮನೆಯಲ್ಲಿ ನಾನೊಬ್ಬಳೇ. ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ನನ್ನ ಸಂಕಟ ನಿನ್ನನ್ನು ಬಿಟ್ಟರೆ ಇನ್ಯಾರಿಗೆ ಅರ್ಥವಾದೀತು? ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ಎರಡು ಕಣ್ಣೂ ಚೆನ್ನಾಗಿ ಬೆಳಗಲಿ ಎಂದು ಮನಸಾರೆ ಹರಸುತ್ತೇನೆ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಮರೆತ ಮಾತು: ಸಹಿ ಹಾಕಿ ಲಕೋಟೆ ಹುಡುಕುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಬಾಗಿಲಾಚೆ ನಿಂತವರನ್ನು ತೋರಿಸುವ ಒಂದು ಪರದೆಯನ್ನೂ ಮಗ ನನ್ನ ಕುರ್ಚಿಯ ಎದುರಿಗೆ ಹಾಕಿಸಿದ್ದಾನೆ, ಹೇಳಿರಲಿಲ್ಲ. ಕಪ್ಪು ಕನ್ನಡಕ, ಕೈಯಲ್ಲಿ ಆಸ್ಪತ್ರೆಯ ಚೀಲ, ನೀನೇ. ಬರುವ ಮುಂಚೆ ಒಂದು ಮಾತು ಕೇಳಬಾರದಿತ್ತೇ? "ಅಕ್ಕಾ, ಅಕ್ಕಾ, ನಾನು ಕಣೇ. ಯಾರೋ ಪೇಷೆಂಟ್ ಬರ್ಲಿಲ್ಲ ಅಂತ ನನ್ ಆಪರೇಷನ್ ಇವತ್ತೇ ಮಾಡ್ಬಿಟ್ರು" ಅಂದೆ. ಇಲ್ಲೂ ಎರಡು ಸಲ. ನಾನು ಅಲುಗದೆ ಕೂತೆ. ಉಸಿರನ್ನೂ ಮೆಲ್ಲಗೆ ಬಿಟ್ಟೆ. ದೀಪ ಆರಿತು, ನಿಜ ಹೇಳಬೇಕೆಂದರೆ ಇವತ್ತೊಂದು ದಿನ ಅದು ಉಪಯೋಗಕ್ಕೆ ಬಂತು. ಆರಿದ ತಕ್ಷಣ ನೀನು ತಲೆಯೆತ್ತಿ, ಒಳಗಿನ ಬೆಳಕು ಆಚೆಗೆ ಕಾಣುವ ಬಾಗಿಲ ಮೇಲಿನ ಗಾಜನ್ನು ನೋಡಿದೆ. ಇನ್ನೊಂದು ಕಣ್ಣು ಚೆನ್ನಾಗಿಯೇ ಇದೆಯಲ್ಲ, ಮತ್ತೇಕೆ ಅಷ್ಟು ದುಃಖ? ಆಮೇಲೆ ನೀನು ಗಂಟೆ ಒತ್ತಲಿಲ್ಲ. ಈ ಪತ್ರವನ್ನು ಬಾಗಿಲ ಕೆಳಗಿಂದಲೇ ತಳ್ಳಿಬಿಡೋಣ ಅನ್ನಿಸಿತು, ನಿನಗೂ ಕಾಯುವುದು ತಪ್ಪುತ್ತಿತ್ತು. ಆದರೆ ಎದ್ದರೆ ದೀಪ ಹತ್ತಿಕೊಳ್ಳುತ್ತಿತ್ತು. ನೀನು ಚಪ್ಪಲಿ ಬಿಡುವ ಜಾಗದಲ್ಲಿ ಕೂತು, ಕನ್ನಡಕ ತೆಗೆದು, ಚೀಲದಿಂದ ಡ್ರಾಪ್ಸ್ ತೆಗೆದೆ. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಸೆರಗಿಗೆ. ತಲೆಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಬಾಗಿಸಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಮೂರನೆಯದು ನೆಟ್ಟಗೆ ಕಣ್ಣಿಗೇ ಬಿತ್ತು. ಆಮೇಲೆ ನೀನು ಗೋಡೆ ಹಿಡಿದುಕೊಂಡು ಎದ್ದುಹೋದೆ, ನಾನು ಮತ್ತೆ ಪೆನ್ನು ಹಿಡಿದೆ. ಒಬ್ಬಳೇ ಹಾಕಿಕೊಳ್ಳಲು ಆಗುವುದಿಲ್ಲ ಎಂದು ನೀನು ಬರೆದಿದ್ದೆ. ಆಗುತ್ತದೆ ಕಣೇ, ನಾನೇ ಕಣ್ಣಾರೆ ನೋಡಿದೆನಲ್ಲ.