ಅತ್ತೆಯ ಚೊಂಬು

೭ ಫೆಬ್ರವರಿ ೨೦೦೪, ಶನಿವಾರ, ಲಕ್ಷ್ಮೀಪುರಂ

ನಾನು ಸುಮ್ಮನೆ ಹೆದರಿದ್ದೆ. ಯೋಗ ಕಲಿಯಲು ಬಂದು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಇಂಗ್ರಿಡ್, ಶುಲಾನ್ ಇಬ್ಬರನ್ನೂ ಊಟಕ್ಕೆ ಕರೆದಾಗಿನಿಂದ ಅತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದರು. ಅರವತ್ತೆರಡರ ಯುದ್ಧಕ್ಕೆ ಹೋದ ಅವರ ತಮ್ಮ ವಾಪಸು ಬರಲಿಲ್ಲ. ಶುಲಾನ್ ಚೀನಾದವಳು. ಇಂಗ್ರಿಡ್ ಜರ್ಮನಿಯವಳು, ಅವಳ ಊರಿನಲ್ಲಿ ಜರ್ಮನರೂ ಚೀನೀಯರೂ ಸ್ನೇಹಕ್ಕೆಂದೇ ಕಟ್ಟಿಕೊಂಡ ಸಂಘದಲ್ಲಿ ಇಬ್ಬರೂ ಗೆಳತಿಯರಾದರಂತೆ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಶುಲಾನ್ ತಣ್ಣೀರು ಬೇಡವೆಂದು ಬಿಸಿನೀರು ಕೇಳಿದಳು.

"ಸಂಘದ ಪ್ರತಿ ಸಭೆಯಲ್ಲೂ ನನಗೂ ಇದನ್ನೇ ಕುಡಿಸುತ್ತಾಳೆ," ಎಂದು ಇಂಗ್ರಿಡ್ ಇಂಗ್ಲಿಷಿನಲ್ಲಿ ದೂರಿದಳು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ, "ಏನಂತೆ?" ಎಂದರು. ಹೇಳಿದೆ. ಬಿರುಬೇಸಿಗೆಯಲ್ಲೂ ಊಟದ ಮೇಲೆ ಬಿಸಿನೀರೇ ಬೇಕೆನ್ನುವ ಅತ್ತೆಯನ್ನು ಕಂಡು ನಾವೆಲ್ಲ ನಗುತ್ತೇವೆ. ಅವರು ಒಳಗೆ ಹೋದರು. ನಾವ್ಯಾರೂ ಮುಟ್ಟುವಂತಿಲ್ಲದ ತಮ್ಮ ಬಿಸಿನೀರಿನ ಚೊಂಬನ್ನು ತಂದು ಶುಲಾನ್ ಲೋಟಕ್ಕೆ ಬಗ್ಗಿಸಿದರು. ಉಳಿದದ್ದನ್ನು ಅವಳ ಪಕ್ಕದಲ್ಲೇ ಕೂತು ತಾವು ಕುಡಿದರು. ಆ ಹೊತ್ತು ಮತ್ತೆ ಮತ್ತೆ ಕಣ್ಮುಂದೆ ಬರುತ್ತಿದೆ.

ಈಗಷ್ಟೇ ಕೇಳಿದರು: "ಆ ಹುಡುಗಿಗೆ ರಾತ್ರಿಗೆ ಬಿಸಿನೀರು ಕೊಟ್ಯಾ? ಮೇಲೆ ಒಲೆ ಇಲ್ಲ ಕಣಮ್ಮ."

ಇದನ್ನು ಬರೆದು ಮುಗಿಸಿ ಕೊಡುತ್ತೇನೆಂದೆ. ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಮಂಡಿ ನೋವೆಂದು ಮಹಡಿ ಹತ್ತುವುದನ್ನೇ ಬಿಟ್ಟಿದ್ದವರು, ಫ್ಲಾಸ್ಕ್ ಹಿಡಿದುಕೊಂಡು ತಾವೇ ಹತ್ತುತ್ತಿದ್ದಾರೆ.